ಪದ್ಮಿನಿಯ ಎಸಿ ಪಂಪ್: ಕೊನೆಗೂ ರೋಗ ಸಿಕ್ಕಿತು

ಎಸಿ ಪಂಪ್ ಅಂದರೆ ಏರ್ ಕಂಡೀಷನರಿನದ್ದಲ್ಲ, ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಇಂಜಿನ್ನಿಗೆ ಕೊಡುವ ಪಂಪ್. ಮೂರು ತಿಂಗಳಲ್ಲಿ ಅದರ ಎರಡು ಡಯಾಫ್ರಮ್ (ಏರಿಳಿದು ಪೆಟ್ರೋಲ್ ಎಳೆಯುವ ರಬ್ಬರ್ ಪೊರೆ) ಹರಿದವು. ಎರಡನೆಯದು ಹರಿದದ್ದು ಭರಮಸಾಗರದ ಹತ್ತಿರ, ಏಪ್ರಿಲ್ ಮಧ್ಯಾಹ್ನ, ಮನೆಮಂದಿಯೆಲ್ಲ ಕಾರಲ್ಲಿದ್ದಾಗ. ನಮ್ಮ 1984ರ ಪದ್ಮಿನಿ ಕಾರು ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾದೆವು. ಬಿಸಿಗೆ ಪೆಟ್ರೋಲ್ ಆವಿಯಾಗಿದ್ದರೆ ಅಷ್ಟು ಸಾಕು, ನಿಮಗೂ ಗೊತ್ತಲ್ವಾ? ಈ ಸಲ ಸಾಕಾಗಲಿಲ್ಲ. ಇಂಜಿನ್ ಆಯಿಲ್ ಅಳೆಯುವ ಡಿಪ್ ಸ್ಟಿಕ್ ಎಳೆದು ಮೂಗಿಗೆ ಹಿಡಿದೆ. ಗಪ್ಪಂತ ಪೆಟ್ರೋಲ್ ವಾಸನೆ. ಹರಿದ ಡಯಾಫ್ರಮ್‌ನಿಂದ ಪೆಟ್ರೋಲ್ ಸೀದಾ ಇಂಜಿನ್ ತಳದ ಆಯಿಲ್ ಸಂಪಿಗೆ ಇಳಿದಿತ್ತು.

ಮೊದಲು ಸಿಟ್ಟು ಬಂದದ್ದು ಪಂಪಿನ ರಿಪೇರಿ ಕಿಟ್ ಕಳಿಸಿದವರ ಮೇಲೆ. ಒರಿಜಿನಲ್ ಅಂತ ಹೇಳಿ ಕೊಟ್ಟ ಡಯಾಫ್ರಮ್ ಮುಟ್ಟಿದರೆ ಹಪ್ಪಳದಷ್ಟು ಬಿರುಸು. ದುಡ್ಡು ಪೂರ್ತಿ ಮೊದಲೇ ಕೊಡಬೇಕು, ವಾಪಸ್ ತಗೊಳ್ಳಲ್ಲ. ಈ ಕಾರಿನ ತಯಾರಿಕೆ ನಿಂತು 20 ವರ್ಷ ದಾಟಿದೆ, ಬೇರೆ ದಾರಿಯೂ ಇಲ್ಲ. ಆಮೇಲೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ದೂರಿದೆ. ಅದು ಹಳೇ ರಬ್ಬರನ್ನು ಹಾಳು ಮಾಡುವುದು ನಿಜ. ಆದರೆ ಎರಡೂ ಡಯಾಫ್ರಮ್ ಹರಿದದ್ದು ಒಂದೇ ಜಾಗದಲ್ಲಿ, ನಡುವಿನ ವಾಷರಿನ ಅಂಚಿಗೆ. ಕೊಳೆತು ಹರಿದದ್ದಲ್ಲ, ಎಳೆತಕ್ಕೆ ಹರಿದದ್ದು.

ಗುಟ್ಟು ಬಿಟ್ಟುಕೊಟ್ಟದ್ದು ಪಂಪನ್ನು ಇಂಜಿನ್ನಿಗೆ ಬಿಗಿಯುವ ಎರಡು ಬೋಲ್ಟ್, ಅಂದರೆ ಸ್ಟಡ್‌ಗಳು. ಎರಡರಲ್ಲೂ ನಟ್ಟಿನ ಕೆಳಗೆ ಮೂರು ಮೂರು ವಾಷರ್ ಪೇರಿಸಿದ್ದರು. ಸ್ಟಡ್ ಯಾಕೆ ಇಷ್ಟು ಉದ್ದ? ಪಂಪಿಗೂ ಇಂಜಿನ್ ಬ್ಲಾಕಿಗೂ ನಡುವೆ ಇರಬೇಕಾದ ದಪ್ಪ ಹೈಲಂ (ಬಿಸಿ ತಡೆಯುವ ಗಟ್ಟಿ ಹಾಳೆ) ತುಂಡೇ ಇಲ್ಲ! ಯಾವ ಕಾಲದಲ್ಲೋ ಯಾರೋ ಅದನ್ನು ತೆಗೆದು ಬರೀ ಪೇಪರ್ ಪ್ಯಾಕಿಂಗ್ ಹಾಕಿದ್ದರು. ಬ್ಲಾಕಿನ ಬಿಸಿ ನೇರ ಪಂಪಿಗೆ. ಪಂಪ್ ಇಂಜಿನ್ನಿಗೆ ತೀರಾ ಹತ್ತಿರ ಕೂತದ್ದರಿಂದ, ಅದನ್ನು ನಡೆಸುವ ಕ್ಯಾಮ್ ಕೂಡ ಪಂಪಿನ ಲಿವರನ್ನು ಜಾಸ್ತಿ ಒತ್ತಿ ಡಯಾಫ್ರಮ್ ಎಳೆಯುತ್ತಿತ್ತು. ಎರಡೂ ರೋಗಕ್ಕೆ ಒಂದೇ ಕಾರಣ.

ಹೈಲಂ ಎಲ್ಲಿ ಸಿಗುತ್ತದೆ? ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವಲ್ಲಿ. ದಾವಣಗೆರೆಯಲ್ಲಿ ಅಂಥ ಅಂಗಡಿಗೆ ಬರವೇ? "ಎಷ್ಟು ದಪ್ಪ ಬೇಕ್ರಿ ಅಣ್ಣಾ?" ಅಂದರು. ಅದೇ ನನಗೂ ಗೊತ್ತಿರಲಿಲ್ಲ. ಮೂರು ದಪ್ಪದ ತುಂಡು ತಂದೆ. ಹ್ಯಾಕ್ಸಾದಲ್ಲಿ ಕೊಯ್ದು, ಅರ ಹಾಕಿ, ತೂತು ಕೊರೆದೆ. ಪಂಪಿನ ಮೇಲ್ಮುಚ್ಚಳ ಬಿಚ್ಚಿಟ್ಟು ಒಂದೊಂದನ್ನೇ ಕೂರಿಸಿ, ಹ್ಯಾಂಡಲ್‌ನಿಂದ ಇಂಜಿನ್ ತಿರುಗಿಸಿ ನೋಡಿದೆ. ದಪ್ಪ ತುಂಡಿಗೆ ಡಯಾಫ್ರಮ್ ಅಲುಗಲೇ ಇಲ್ಲ. ತೆಳುವಾದದ್ದಕ್ಕೆ ಬಿಗಿದು ನಿಂತಿತು. ನಡುವಿನದು ಉಸಿರಾಡಿದ ಹಾಗೆ ಮೆಲ್ಲಗೆ ಏರಿಳಿಯಿತು. ಆ ಖುಷಿ ಹೇಳತೀರದು.

  

ಆಯಿಲ್ ಬದಲಿಸಿ, ಮೂರನೇ ಡಯಾಫ್ರಮ್ ಹಾಕಿ, ಮೊನ್ನೆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬೇಕೆಂದೇ ಚಿತ್ರದುರ್ಗಕ್ಕೆ ಹೊರಟೆ. ಹೋಗಿ ಬಂದು 120 ಕಿ.ಮೀ. ಹತ್ತಿರ. ಭರಮಸಾಗರದಲ್ಲಿ ನಿಲ್ಲಿಸಿದೆ, ಆದರೆ ಚಹಾ ಕುಡಿಯಲು. ಮನೆಗೆ ಬಂದು ಡಿಪ್ ಸ್ಟಿಕ್ ಮೂಸಿದೆ. ಬರೀ ಆಯಿಲ್ ವಾಸನೆ. ನೀರಿನ ಬಾಟಲಿ, ಬಟ್ಟೆ ಇನ್ನೂ ಡಿಕ್ಕಿಯಲ್ಲೇ ಇವೆ.