ಗಾಳಿಪಟದ ತಂತಿಯಲ್ಲಿ ಬಂದ ಮೂರು ಚುಕ್ಕೆ

ಮೊನ್ನೆ ಭಾನುವಾರ ಸಂಜೆ ಅಕ್ಕನ ಮಗನನ್ನು ಕರೆದುಕೊಂಡು ಪಣಂಬೂರು ಬೀಚಿಗೆ ಹೋಗಿದ್ದೆ. ಗಾಳಿಪಟ ಮೇಲೇರಿದ್ದೇ ತಡ, "ಮಾಮ, ಇದು ಎಂಥ ಎಳೀತಾ ಉಂಟು!" ಅಂತ ಕೂಗಿದ. ದಾರ ನಾನು ಹಿಡಿದೆ. ಸಮುದ್ರದ ಗಾಳಿಗೆ ಪಟ ಒಂದು ಕ್ಷಣವೂ ನಿಂತಲ್ಲಿ ನಿಲ್ಲಲಿಲ್ಲ, ಏರುವುದು, ಕುಸಿಯುವುದು, ಮತ್ತೆ ಏರುವುದು. ಆಗ ನೆನಪಾದದ್ದು ತಂತಿಯಿಲ್ಲದೆ ದೂರಕ್ಕೆ ರೇಡಿಯೋ ಸಂದೇಶ ಕಳಿಸಲು ಹೊರಟಿದ್ದ ಮಾರ್ಕೋನಿ.

1901ರ ಡಿಸೆಂಬರ್ 12. ಈಗ ಕೆನಡಾಕ್ಕೆ ಸೇರಿರುವ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಊರಿನ ಸಿಗ್ನಲ್ ಹಿಲ್ ಗುಡ್ಡ. ಚಳಿ, ಜೊತೆಗೆ ಜೋರು ಗಾಳಿ. ಮಾರ್ಕೋನಿ ಮತ್ತು ಸಹಾಯಕರಾದ ಕೆಂಪ್, ಪ್ಯಾಜೆಟ್ ಸೇರಿ ಸುಮಾರು 500 ಅಡಿ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದ್ದರು. ಇಂಗ್ಲೆಂಡಿನಿಂದ ಬರುವ ರೇಡಿಯೋ ಸಂದೇಶ ಹಿಡಿಯಲು ಅದೇ ಆಂಟೆನಾ. ಮೊದಲು ಅಂದುಕೊಂಡದ್ದು ಹೀಗಲ್ಲ. ಇಂಗ್ಲೆಂಡಿನ ಪೋಲ್ಡುವಿನಲ್ಲಿ, ಅಮೆರಿಕದ ಕೇಪ್ ಕಾಡ್‌ನಲ್ಲಿ ಎತ್ತರದ ಕಂಬಗಳನ್ನೇ ನಿಲ್ಲಿಸಿದ್ದರು, ಆದರೆ ಅದೇ ವರ್ಷ ಎರಡೂ ಕಡೆ ಗಾಳಿಗೆ ಉರುಳಿಬಿದ್ದವು.

ಗಾಳಿಪಟ ಕುಣಿದರೆ ತಂತಿಯ ಎತ್ತರ ಬದಲಾಗುತ್ತದೆ, ಎತ್ತರ ಬದಲಾದರೆ ಟ್ಯೂನಿಂಗ್ ತಪ್ಪುತ್ತದೆ. ಹಾಗಾಗಿ ಟ್ಯೂನ್ ಮಾಡುವ ರಿಸೀವರನ್ನು ಪಕ್ಕಕ್ಕಿಟ್ಟು, ಪಾದರಸದ ಒಂದು ಸಣ್ಣ ಸಾಧನಕ್ಕೆ ಟೆಲಿಫೋನಿನ ಇಯರ್‌ಪೀಸ್ ಜೋಡಿಸಿ ಕಿವಿಗೊಟ್ಟು ಕೂತರು. ಪಾದರಸದ ಇಂಥ ಸಾಧನದ ಬಗ್ಗೆ ನಮ್ಮ ಜಗದೀಶ್ ಚಂದ್ರ ಬೋಸ್ 1899ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಿದ್ದರು. ಆ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಮಧ್ಯಾಹ್ನ 12:30ರ ಹೊತ್ತಿಗೆ ಟಿಕ್ ಟಿಕ್ ಟಿಕ್. ಚುಕ್ಕೆ, ಗೆರೆಗಳಲ್ಲಿ ಅಕ್ಷರ ಕಳಿಸುವ ಮೋರ್ಸ್ ಸಂಕೇತದಲ್ಲಿ ಮೂರು ಚುಕ್ಕೆ ಅಂದರೆ 'ಎಸ್' ಅಕ್ಷರ. ಸುಮಾರು 3,400 ಕಿಲೋಮೀಟರ್ ಆಚೆ ಪೋಲ್ಡುವಿನಿಂದ, ಇಡೀ ಅಟ್ಲಾಂಟಿಕ್ ದಾಟಿ! ಇಯರ್‌ಪೀಸನ್ನು ಕೆಂಪ್ ಕೈಗೆ ಕೊಟ್ಟರು, ಅವರಿಗೂ ಕೇಳಿಸಿತು.

ಆದರೆ ಕಿವಿಯಲ್ಲಿ ಕೇಳಿದ್ದಕ್ಕೆ ಕಾಗದದ ಸಾಕ್ಷಿ ಇಲ್ಲ ಅಲ್ವಾ? ಸಿಡಿಲಿನಿಂದ ರೇಡಿಯೋದಲ್ಲಿ ಬರುವ ಗೊರಗೊರ ಕೇಳಿರಬೇಕು ಅಂದವರಿದ್ದರು. ವಾದ ಇವತ್ತಿಗೂ ಮುಗಿದಿಲ್ಲ. ಮಾರ್ಕೋನಿ ಸುಮ್ನೆ ಕೂರಲಿಲ್ಲ. 1902ರ ಫೆಬ್ರವರಿಯಲ್ಲಿ 'ಫಿಲಡೆಲ್ಫಿಯಾ' ಹಡಗು ಹತ್ತಿ, ಪೋಲ್ಡುವಿನಿಂದ ದೂರ ಹೋಗುತ್ತಾ ಹೋಗುತ್ತಾ ಸಂದೇಶಗಳನ್ನು ಕಾಗದದ ಪಟ್ಟಿಯ ಮೇಲೆ ದಾಖಲಿಸಿದರು. ನನಗೆ ಸಿಗ್ನಲ್ ಹಿಲ್‌ಗಿಂತ ಈ ಹಡಗಿನ ಕಥೆಯೇ ಜಾಸ್ತಿ ಇಷ್ಟ. ಯಾಕೆಂದರೆ ಅಲ್ಲಿ ಯಾರೂ ಎಣಿಸದ ಒಂದು ವಿಷಯ ಸಿಕ್ಕಿತು. ಹಗಲಲ್ಲಿ ಸಂದೇಶ ಸುಮಾರು 1,100 ಕಿಲೋಮೀಟರಿಗೇ ನಿಂತಿತು, ರಾತ್ರಿ ಸುಮಾರು 2,500 ಕಿಲೋಮೀಟರ್ ದೂರದಲ್ಲೂ ಓದಲು ಸಿಕ್ಕಿತು.

ಅದೇ ವರ್ಷ ಕೆನೆಲಿ ಮತ್ತು ಹೆವಿಸೈಡ್ ಎಂಬ ವಿಜ್ಞಾನಿಗಳು, ಆಕಾಶದಲ್ಲಿ ರೇಡಿಯೋ ಅಲೆಗಳನ್ನು ಕೆಳಕ್ಕೆ ತಿರುಗಿಸುವ ಒಂದು ಪದರ ಇರಬೇಕು ಅಂದರು. 1924ರಲ್ಲಿ ಬ್ರಿಟನ್ನಿನ ವಿಜ್ಞಾನಿ ಆಪಲ್ಟನ್ ಅದು ಇದೆ ಅಂತ ಪ್ರಯೋಗ ಮಾಡಿ ತೋರಿಸಿದರು. ಹಗಲಲ್ಲಿ ಬಿಸಿಲಿನಿಂದಾಗಿ ಆ ಪದರದ ಕೆಳಗೆ ಇನ್ನೊಂದು ಹುಟ್ಟಿ ಅಲೆಗಳನ್ನು ಹೀರಿಕೊಳ್ಳುತ್ತದೆ, ಕತ್ತಲಾದರೆ ಅದು ಕರಗುತ್ತದೆ.

ಮಲ್ಪೆಯ ನಮ್ಮ ಅಜ್ಜ ಊಟ ಮುಗಿಸಿ, ದೀಪ ಸಣ್ಣ ಮಾಡಿ, ಆಮೇಲೆಯೇ ರೇಡಿಯೋದಲ್ಲಿ ದೂರದ ಸ್ಟೇಷನ್ನುಗಳನ್ನು ಹುಡುಕುತ್ತಿದ್ದರು. ಹಗಲಲ್ಲಿ ಬರೀ ಗೊರಗೊರ ಅಂತಿದ್ದ ಅದೇ ಮುಳ್ಳಿನ ಜಾಗದಲ್ಲಿ ರಾತ್ರಿ ಯಾವುದೋ ದೇಶದ ಹಾಡು ಬರುತ್ತಿತ್ತು. "ರಾತ್ರಿ ಯಾಕಜ್ಜ?" ಅಂತ ಕೇಳಿದರೆ, "ರಾತ್ರಿ ದಾರಿ ಸಲೀಸು ಮಗಾ" ಅನ್ನುತ್ತಿದ್ದರು.