ಯಾವ ನೀರಲ್ಲಿ ತೊಳೆದದ್ದು?

ಏಪ್ರಿಲ್‌ನ ಒಂದು ಭಾನುವಾರ. ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಬೆಳಗಿನಿಂದ ಗಾಳ ಹಾಕಿ ಕೂತು, ಸಿಕ್ಕಿದ ನಾಲ್ಕು ಕಾಣೆ ಮೀನನ್ನು ಐಸ್ ಪೆಟ್ಟಿಗೆಗೆ ಹಾಕಿ, ದೋಣಿಯನ್ನು ಟ್ರೇಲರಿಗೆ ಏರಿಸಿ ನಾನೂ ಭಾವನೂ ಉಡುಪಿ ಕಡೆ ಹೊರಟಿದ್ದೆವು. ಹೆಜಮಾಡಿ ಟೋಲ್ ದಾಟಿದ ಮೇಲೆ ಬೊಲೆರೊ ಯಾಕೋ ಸರಿಯಾಗಿ ಎಳೆಯುತ್ತಿಲ್ಲ ಅನಿಸಿತು. ಪಡುಬಿದ್ರಿಯಲ್ಲಿ ಸುಟ್ಟ ವಾಸನೆ. "ಯಾರೋ ಕಸಕ್ಕೆ ಬೆಂಕಿ ಹಾಕಿದ್ದಾರೆ" ಅಂದ ಭಾವ. ಕಾಪು ಹತ್ತಿರ ಬರುವಾಗ ಕನ್ನಡಿಯಲ್ಲಿ ಹೊಗೆ ಕಾಣಿಸಿತು. ಕಸ ನಮ್ಮ ಹಿಂದೆಯೇ ಬರುತ್ತಿತ್ತು!

ಇಳಿದು ಟ್ರೇಲರಿನ ಎಡ ಚಕ್ರದ ಬ್ರೇಕ್ ಡ್ರಮ್ಮಿಗೆ ನಾಲ್ಕು ಹನಿ ನೀರು ಚಿಮುಕಿಸಿದೆ. ನೀರ್‌ದೋಸೆ ಕಾವಲಿಯ ಹಾಗೆ ಚುಂಯ್ ಎಂದಿತು. ಬಲಗಡೆಯದು ತಣ್ಣಗಿತ್ತು. ಆಗ ನಾನು ಬಲಗಡೆಯದು ಸರಿ ಇದೆ ಅಂದುಕೊಂಡೆ. ಅದು ಬೇರೆ ಕಥೆ.

ಒಂದು ಗಂಟೆ ರಸ್ತೆ ಬದಿಯಲ್ಲಿ ಕೂತು, ಆಮೇಲೆ ಆಮೆಯ ಹಾಗೆ ಮನೆ ಸೇರಿದೆವು. ಮಳೆಗಾಲ ಹೇಗೂ ಬಂತಲ್ಲ ಎಂದು ಟ್ರೇಲರಿಗೆ ಟರ್ಪಾಲು ಹೊದಿಸಿ ಬಿಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಲ್ಪೆಯ ದೊಡ್ಡ ಬೋಟುಗಳೇ ದಡದಲ್ಲಿರುತ್ತವೆ. ನಮ್ಮ ಹದಿನಾರು ಅಡಿಯ ಫೈಬರ್ ದೋಣಿಗೆ ಎಂತ ಅರ್ಜೆಂಟು?

ಜುಲೈ ಕೊನೆಗೆ ಮೇಸ್ತ್ರಿಯನ್ನು ಕರೆಸಿದೆ. ಟೆಂಪೊ, ಲಾರಿಗಳ ಬ್ರೇಕಿನಲ್ಲೇ ಕೂದಲು ಬೆಳ್ಳಗಾದವರು. ಗೋವಾದಿಂದ ಸೆಕೆಂಡ್ ಹ್ಯಾಂಡಲ್ಲಿ ತಂದ ಈ ಟ್ರೇಲರಿನ ಬ್ರೇಕನ್ನು ಅವರು ಮೊದಲು ಸುತ್ತು ಹಾಕಿ ನೋಡಿದರು. ಇದಕ್ಕೆ ಪೆಡಲ್ ಇಲ್ಲ. ಮುಂದಿನ ಗಾಡಿ ಬ್ರೇಕ್ ಹಾಕಿದಾಗ ಹಿಂದಿನ ಭಾರ ಮುಂದಕ್ಕೆ ನೂಕುತ್ತದೆ. ಆ ನೂಕಿಗೆ ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿ ಒಳಗೆ ಜಾರಿ, ಬ್ರೇಕ್ ಆಯಿಲ್ ಇರುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಆಯಿಲ್ ಚಕ್ರಕ್ಕೆ ಹೋಗಿ, ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರ ನಿಲ್ಲಿಸುವ ಶೂಗಳನ್ನು ಅಗಲಿಸುತ್ತದೆ. "ಅಂದ್ರೆ ರಿವರ್ಸ್ ಹೋಗುವಾಗಲೂ ಹಿಡೀತದಲ್ಲ?" ಅಂದರು. ಹೌದು, ಅದಕ್ಕೆ ಕೊಂಡಿ ಜಾರದಂತೆ ಒಂದು ಪಿನ್ ಹಾಕಬೇಕು. ಆಮೇಲೆ ತೆಗೆಯಲು ಮರೆತರೆ ಬ್ರೇಕೇ ಇಲ್ಲ. ನಾನು ಎರಡು ಸಲ ಮರೆತಿದ್ದೇನೆ. ಮೇಸ್ತ್ರಿಗೆ ಹೇಳಲಿಲ್ಲ.

ಎಡ ಡ್ರಮ್ಮು ಸುತ್ತಿಗೆ ಏಟಿಗೂ ಜಗ್ಗಲಿಲ್ಲ. ಕೊನೆಗೆ ಬಿಚ್ಚಿಕೊಂಡಾಗ ಒಂದು ಸೇರಿನಷ್ಟು ತುಕ್ಕು ಅಂಗಳಕ್ಕೆ ಸುರಿಯಿತು. ಶೂ ಅಗಲಿಸುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದಲ್ಲೇ ಕಚ್ಚಿ ನಿಂತಿತ್ತು. ಸ್ಪ್ರಿಂಗ್ ಎಷ್ಟು ಎಳೆದರೂ ಶೂ ಹಿಂದೆ ಬರುತ್ತಿರಲಿಲ್ಲ. ಹೊಗೆಯ ಮೂಲ ಅದು. ಬಲಗಡೆ ಬಿಚ್ಚಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಶೂವಿಗೆ ಅಂಟಿಸಿದ್ದ ಲೈನರ್, ಅಂದರೆ ಡ್ರಮ್ಮಿಗೆ ಉಜ್ಜುವ ಪಟ್ಟಿ, ಹಪ್ಪಳದ ಹಾಗೆ ಎದ್ದು ಬಂದು ಕೈಗೇ ಸಿಕ್ಕಿತು. ಅಡಿಯಲ್ಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅದನ್ನು ಮೇಲಕ್ಕೆ ಎಬ್ಬಿಸಿತ್ತು. ಡ್ರಮ್ಮು ತಣ್ಣಗಿದ್ದದ್ದು ಬ್ರೇಕೇ ಇಲ್ಲದ್ದಕ್ಕೆ.

"ಎಂತ ಮಾರಾಯ್ರೆ, ಇದನ್ನು ಸಮುದ್ರದಲ್ಲೇ ಪಾರ್ಕ್ ಮಾಡ್ತೀರಾ?"

"ಇಲ್ಲಪ್ಪ, ಪ್ರತಿ ಸಲ ಬಂದ ಕೂಡ್ಲೇ ತೊಳೀತೇನೆ."

"ಯಾವ ನೀರಲ್ಲಿ?"

"ಬಾವಿ ನೀರಲ್ಲಿ."

ಅವರು ಅಂಗಳದ ಬಾವಿ ನೋಡಿದರು. ಆಚೆಗೆ ಹೊಳೆ ನೋಡಿದರು. ನಮ್ಮ ಮನೆ ಉಡುಪಿ ಹತ್ತಿರದ ಕೆಮ್ಮಣ್ಣು ಊರಿನಲ್ಲಿ, ಸ್ವರ್ಣಾ ಹೊಳೆಯ ಪಕ್ಕ. "ಬೇಸಿಗೆಯಲ್ಲಿ ಈ ನೀರಲ್ಲಿ ಚಾ ಮಾಡ್ತೀರಾ?" ಅಂದರು.

ಮಾಡುವುದಿಲ್ಲ. ಮಾರ್ಚ್ ಬಂತೆಂದರೆ ಹೊಳೆಯಲ್ಲಿ ಸಿಹಿ ನೀರು ಕಮ್ಮಿಯಾಗಿ ಉಪ್ಪು ನೀರು ಮೇಲೆ ಏರುತ್ತದೆ. ಬಾವಿಗೂ ಬರುತ್ತದೆ. ಆಮೇಲೆ ಮಳೆ ಬರುವ ತನಕ ಕುಡಿಯಲಿಕ್ಕೆ ನಳ್ಳಿ ನೀರೇ. ನಾನು ಉಪ್ಪನ್ನು ಉಪ್ಪಿನಿಂದ ತೊಳೆದು, ಟರ್ಪಾಲು ಹೊದಿಸಿ ಬೆಚ್ಚಗೆ ಮಲಗಿಸಿದ್ದೆ. ಓಡಿಸಿ ಹಾಳಾದ ಬ್ರೇಕಲ್ಲ ಇದು, ಸುಮ್ನೆ ನಿಲ್ಲಿಸಿಯೇ ಹಾಳಾದದ್ದು.

ರಿಪೇರಿಗೆ ಮೂರು ದಿನ ಹಿಡಿಯಿತು. ಮಂಗಳೂರಿಗೆ ಹೋಗಿ ಶೂಗಳಿಗೆ ಹೊಸ ಲೈನರ್ ಹಾಕಿಸಿದೆ, ಈ ಸಲ ಅಂಟಿನ ಜೊತೆಗೆ ರಿವೆಟ್ ಕೂಡ. ಎಡ ಸಿಲಿಂಡರಿನ ಒಳಮೈ ಗುಳಿಗುಳಿಯಾಗಿತ್ತು. ಅದಕ್ಕೆ ಲೇತ್‌ನಲ್ಲಿ ಸ್ಲೀವ್. ಎರಡಕ್ಕೂ ಹೊಸ ರಬ್ಬರ್ ಕಿಟ್. ಕ್ಲಿಪ್ಪಿನ ಅಡಿಯಲ್ಲಿ ತೂತು ಬೀಳಲು ತಯಾರಾಗಿದ್ದ ಬ್ರೇಕ್ ಪೈಪೂ ಬದಲಾಯಿತು. ಹೊಸ ರಬ್ಬರ್ ಕಪ್ಪುಗಳನ್ನು ನಾನು ಪೆಟ್ರೋಲಿನಲ್ಲಿ ತೊಳೆಯಲು ಹೋದೆ. ಮೇಸ್ತ್ರಿ ಕೂಗಿದ ಕೂಗಿಗೆ ಪಕ್ಕದ ಮನೆ ನಾಯಿ ಬೊಗಳಿತು. ಪೆಟ್ರೋಲು ತಾಗಿದರೆ ಆ ರಬ್ಬರು ಉಬ್ಬಿ ಹೋಗುತ್ತದಂತೆ. ಬ್ರೇಕ್ ಆಯಿಲಲ್ಲೇ ಅದ್ದಿ ಕೂರಿಸಬೇಕು.

ಹಳೆಯ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಡಾಟ್ 3 ಆಯಿಲ್ ಗಾಳಿಯಿಂದಲೇ ನೀರು ಹೀರುತ್ತದೆ. ಹೊಸದಕ್ಕೆ ಕುದಿಯಲು ಕಮ್ಮಿ ಅಂದರೂ 205 ಡಿಗ್ರಿ ಬೇಕು, ನೀರು ಕುಡಿದದ್ದು 140ರ ಸುಮಾರಿಗೇ ಕುದಿಯಬಹುದು. ನಮ್ಮ ಕರಾವಳಿಯ ಸೆಕೆಗೆ ಎರಡು ವರ್ಷಕ್ಕಿಂತ ಜಾಸ್ತಿ ಇಡಬೇಡಿ ಅಂದರು ಮೇಸ್ತ್ರಿ. ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಭಾವ ಕೊಂಡಿಯ ಹತ್ತಿರ ಸ್ಕ್ರೂಡ್ರೈವರಲ್ಲಿ ಒತ್ತುತ್ತಾ ಕೂತ, ನಾನು ಚಕ್ರದ ಬಳಿ ಬಾಟಲಿ ಹಿಡಿದು ಗುಳ್ಳೆ ಎಣಿಸಿದೆ.

ಬೇರಿಂಗಿನ ಗ್ರೀಸು ಮಾತ್ರ ನನ್ನ ಅವಸರದ ಫಲ. ಹಾಲು ಹಾಕಿದ ಚಾದ ಹಾಗೆ ಬೆಳ್ಳಗಾಗಿತ್ತು. ದೂರ ಓಡಿ ಬಂದ ಚಕ್ರದ ನಡುವಿನ ಬಿಸಿ ಹಬ್ ಅನ್ನು ತಕ್ಷಣ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸವೆದ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಳಿತ ಶುರುವಾಗುವ ಮೊದಲು ದೋಣಿ ಇಳಿಸಬೇಕೆಂದು ನಾವು ಪ್ರತಿ ಸಲ ಅದನ್ನೇ ಮಾಡಿದ್ದೆವು.

ಕೊನೆಗೆ ಮೇಸ್ತ್ರಿ ಡ್ರಮ್ಮಿನ ಹಿಂದಿನ ತಟ್ಟೆಗೆ ತೂತು ಕೊರೆದು ಒಂದು ನಿಪ್ಪಲ್ ಕೂರಿಸಿದರು. ಪೈಪ್ ಸಿಕ್ಕಿಸಿದರೆ ನೀರು ಒಳಗೇ ಹೋಗುತ್ತದೆ. ನಾನು ಇಷ್ಟು ದಿನ ತೊಳೆದದ್ದು ಬರೇ ಹೊರಮೈ ಅಲ್ವಾ! ಮಾರ್ಚ್ ನಂತರ ಇದಕ್ಕೆ ನಳ್ಳಿ ನೀರು ಎಂದಾಗ ಹೆಂಡತಿ "ಟ್ರೇಲರಿಗೂ ಕುಡಿಯುವ ನೀರಾ?" ಅಂತ ಕೇಳಿದಳು. ಆ ಜಗಳ ಇನ್ನೂ ಉಂಟು.

ಚೌತಿ ಕಳೆದ ಮೇಲೆ ಮತ್ತೆ ಮೂಲ್ಕಿಗೆ ಹೋದೆವು. ದಡ ಮುಟ್ಟಿದ ಕೂಡಲೇ ಭಾವ ರಿವರ್ಸ್ ಗೇರ್ ಹಾಕಿದ. ನಾನು ಇಳಿದು ಡ್ರಮ್ಮುಗಳ ಮೇಲೆ ಕೈ ಇಟ್ಟು ನೋಡಿದೆ. ಎರಡೂ ಬೆಚ್ಚಗಿದ್ದವು, ಒಂದೇ ಸಮ.

"ಇಪ್ಪತ್ತು ನಿಮಿಷ" ಅಂದೆ.

ಭಾವ ನೀರು ನೋಡಿದ, ಗಡಿಯಾರ ನೋಡಿದ. ಎಂಜಿನ್ ಆಫ್ ಮಾಡಿ ಚಾದ ಅಂಗಡಿ ಕಡೆ ನಡೆದ.