ಕುಮಾರ ಪರ್ವತ ಇಳಿದ ಮೇಲಿನ ಮಂಗಳವಾರ

ಶನಿವಾರ ಕುಮಾರ ಪರ್ವತ ಹತ್ತಿ ಭಾನುವಾರ ಕುಕ್ಕೆಗೆ ಇಳಿದವರಿಗೆ ನಿಜವಾದ ಪರೀಕ್ಷೆ ಮಂಗಳವಾರ ಬೆಳಿಗ್ಗೆ. ಸೋಮವಾರ ಹೇಗೋ ಕಳೆದಿರುತ್ತದೆ. ಮಂಗಳವಾರ ಹಾಸಿಗೆಯಿಂದ ಏಳಲು ಕೈಯೂರಬೇಕು, ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂತರೆ ಏಳಲು ನಲ್ಲಿ ಹಿಡಿಯಬೇಕು, ಮೆಟ್ರೋ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯಬೇಕು. ಹತ್ತುವಾಗ ಅಷ್ಟು ತೊಂದರೆಯಿಲ್ಲ, ಇಳಿಯುವಾಗ ಪ್ರಾಣ ಹೋಗುತ್ತದೆ.

ಕಾರಣವೂ ಇಳಿತವೇ. 1712 ಮೀಟರ್ ಎತ್ತರದ ತುದಿಯಿಂದ ಶೇಷಪರ್ವತ, ಭಟ್ಟರ ಮನೆ ದಾಟಿ ಬರುವಾಗ ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಗೂ ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿಯುವ ಲಾರಿಯ ಹಾಗೆ. ಅದರಿಂದ ಎಳೆಗಳಿಗೆ ಸೂಕ್ಷ್ಮ ಪೆಟ್ಟಾಗಿ, 24ರಿಂದ 72 ಗಂಟೆಯೊಳಗೆ ನೋವು ತಾರಕಕ್ಕೇರುತ್ತದೆ. ಲ್ಯಾಕ್ಟಿಕ್ ಆಸಿಡ್ ಮೇಲೆ ಗೂಬೆ ಕೂರಿಸುವವರು ಬಹಳ; ಅದು ಇಳಿದ ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ.

ಈ ದಿನ ಮಲಗಿಯೇ ಇದ್ದರೆ ಕಾಲು ಇನ್ನಷ್ಟು ಹಿಡಿದುಕೊಳ್ಳುತ್ತದೆ. ಸೈಕಲ್ ಒಳ್ಳೆಯದು, ಏಕೆಂದರೆ ಪೆಡಲ್ ತುಳಿಯುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ, ಮೈಭಾರವನ್ನು ಸೀಟು ಹೊರುತ್ತದೆ. ಹೊರಡುವ ಮುಂಚೆ ಸೀಟಿನ ಎತ್ತರ ನೋಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಮಂಡಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸು ಬಾಗಿಯೇ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರ ಸೀಟು ತಗ್ಗು. ಆಗ ಮೊದಲೇ ನೊಂದ ತೊಡೆಗೂ ಮಂಡಿಚಿಪ್ಪಿಗೂ ಹೊರೆ ಬೀಳುತ್ತದೆ. ತೀರಾ ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡುತ್ತದೆ, ಮಂಡಿಯ ಹಿಂದೆ ಎಳೆಯುತ್ತದೆ. ಸೀಟಿನ ಕಂಬಿಯ ಮೇಲಿನ ಗರಿಷ್ಠ ಗುರುತು ಹೊರಗೆ ಕಾಣುವಷ್ಟು ಮಾತ್ರ ಎತ್ತಬೇಡಿ.

ಗೇರ್ ಅತಿ ಹಗುರಕ್ಕೆ ಹಾಕಿ, ಸಪಾಟು ರಸ್ತೆಯಲ್ಲಿ 15ರಿಂದ 20 ನಿಮಿಷ ಸಾಕು. ಬಲಮಂಡಿ 15 ಸೆಕೆಂಡಿಗೆ 20 ಸಲ ಮೇಲೆ ಬಂದರೆ ನಿಮಿಷಕ್ಕೆ 80 ಸುತ್ತು. ಅಷ್ಟಾಗದಿದ್ದರೆ 60–70 ಇರಲಿ. ಗೇರ್ ಇಲ್ಲದ ಸೈಕಲ್ಲಾದರೆ ಫ್ಲೈಓವರ್, ದಿಣ್ಣೆ ಬಿಟ್ಟುಬಿಡಿ. ಎದ್ದು ನಿಂತು ತುಳಿಯುವುದಂತೂ ಬೇಡವೇ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರಿರಬೇಕು. ಮೊದಲ 5 ನಿಮಿಷ ತೊಡೆ ಮರದ ತುಂಡಿನಂತಿರುತ್ತದೆ, ಆಮೇಲೆ ಮೆಲ್ಲಗೆ ಸಡಿಲವಾಗುತ್ತದೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ಹಾಯೆನಿಸಿತೆಂದು ವೇಗ ಏರಿಸುತ್ತಾರೆ. 'ಇದೂ ಒಂದು ವ್ಯಾಯಾಮವಾ' ಅನ್ನಿಸುವಷ್ಟು ಹಗುರವಾಗಿದ್ದರೇ ಅದು ಸರಿಯಾದ ಅಳತೆ.

ಸ್ಟ್ರೆಚಿಂಗ್ ಮಾಡುವುದು ಸೈಕಲ್‌ನಿಂದ ಇಳಿದ ಮೇಲೆ, ಮೈ ಬೆಚ್ಚಗಿರುವಾಗ. ಮೀನಖಂಡಕ್ಕೆ ಗೋಡೆಗೆ ಕೈಯೂರಿ ಒಂದು ಕಾಲು ಹಿಂದಿಡಿ, ಮಂಡಿ ನೆಟ್ಟಗಿರಲಿ, ಹಿಮ್ಮಡಿ ನೆಲ ಬಿಡಬಾರದು. ಹಿಂದಿನ ಪಾದ ಹೊರಕ್ಕೆ ತಿರುಗಿದರೆ ಎಳೆತ ಸಿಗುವುದೇ ಇಲ್ಲ, ಬೆರಳು ಗೋಡೆಯ ಕಡೆಗೇ ಇರಬೇಕು. 30 ಸೆಕೆಂಡಾದ ಮೇಲೆ ಅದೇ ಮಂಡಿಯನ್ನು ಸ್ವಲ್ಪ ಬಗ್ಗಿಸಿ. ಎಳೆತ ಹಿಮ್ಮಡಿಯ ಹತ್ತಿರಕ್ಕೆ ಇಳಿಯುತ್ತದೆ, ಅಲ್ಲಿರುವುದು ಒಳಪದರದ ಇನ್ನೊಂದು ಸ್ನಾಯು. ತೊಡೆಗೆ ಮಗ್ಗುಲಾಗಿ ಮಲಗಿ ಕಣಕಾಲಿಗೆ ಟವೆಲ್ ಸುತ್ತಿ ಹಿಂದಕ್ಕೆಳೆಯಿರಿ, ಸೊಂಟ ಬಿಲ್ಲಾಗದಂತೆ. ಎರಡೆರಡು ಸಲ ಮಾಡಿದರೆ ಸಾಕು. ಜಗ್ಗಿ ಜಗ್ಗಿ ಎಳೆಯಬಾರದು, ಮುಖ ಕಿವುಚುವಷ್ಟಾದರೆ ಅತಿಯಾಯಿತು.

ಇಷ್ಟೆಲ್ಲ ಮಾಡಿದರೂ ಸಿಗುವುದು ಕೆಲ ಹೊತ್ತಿನ ನಿರಾಳ ಮಾತ್ರ. ಸ್ಟ್ರೆಚಿಂಗ್‌ನಿಂದ ಈ ಬಗೆಯ ನೋವು ಹೇಳಿಕೊಳ್ಳುವಷ್ಟು ಇಳಿಯದೆಂದು ಅಧ್ಯಯನಗಳೂ ಹೇಳುತ್ತವೆ. ಅದು ಮಾಯಲು ನಾಲ್ಕೈದು ದಿನ ತೆಗೆದುಕೊಂಡೇ ತೀರುತ್ತದೆ. ಬೆವರಿ ನೀರು ಕಡಿಮೆಯಾದ ಮೈಗೆ ನೋವಿನ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಅಥವಾ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ, ಸೈಕಲ್ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಸಲ ಚಾರಣಕ್ಕೆ ಎರಡು ವಾರ ಇರುವಾಗಲೇ ಇಳಿಯುವ ಅಭ್ಯಾಸ ಮಾಡಿ. ಇಳಿತ ಒಮ್ಮೆ ಕಂಡ ಸ್ನಾಯು ಕೆಲವು ವಾರಗಳವರೆಗೆ ಅಷ್ಟು ನೋಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುವವರಿದ್ದಾರೆ, ಈ ಕೆಲಸಕ್ಕೆ ಅದು ಉಲ್ಟಾ.